ಕಿವಿಯ ಕಡೆ ನೋಡಿದರೆ ಕಾಣುವ ಮೂಗು

ಪುತ್ತೂರಿನ ಒಂದು ಮದುವೆಯಲ್ಲಿ ಅಜ್ಜಿ ತನ್ನ ನಾದಿನಿಯ ಎದುರಿನಿಂದಲೇ ಹಾದುಹೋದಳಂತೆ, ಮಾತಾಡಿಸಲಿಲ್ಲವಂತೆ. ನಮ್ಮ ಕಡೆ ಇದು ಸಣ್ಣ ಅಪರಾಧವಲ್ಲ. ಅಜ್ಜನ ತಂಗಿಯಾದ ಆಕೆಯನ್ನು ನಾನು ಸಣ್ಣಜ್ಜಿ ಎನ್ನುತ್ತೇನೆ. ಬೆಳ್ಳಾರೆಯಲ್ಲಿ ತನ್ನ ಮಗ ಕಟ್ಟಿಸಿದ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಸಣ್ಣಜ್ಜಿ ನಮ್ಮಲ್ಲಿಗೆ ಹೇಳಿಕೆಗೆ ಬರಲಿಲ್ಲ, ಆಮಂತ್ರಣದ ಕಾಗದವನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಮನೆಗೆ ಬಂದು ಹೇಳದಿದ್ದರೆ ಹೋಗುವ ಕ್ರಮವಿಲ್ಲ.

"ನಾನು ಎಂತ ಮಾಡಿದೆ ಅವಳಿಗೆ?" ಎಂದು ಅಜ್ಜಿ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ.

ಅದೇ ವಾರ ನಮ್ಮ ಮನೆಯ ಹೊಸ ಕಿಟಕಿಯ ಸರಳುಗಳು ಡೊಂಕಾಗಿವೆಯೆಂದು ವೆಲ್ಡಿಂಗಿನವನಿಗೆ ಬೈದಳು. ಸರಳುಗಳು ನೆಟ್ಟಗಿದ್ದವು. ನನಗೆ ಸಂಶಯ ಬಂದು ಪುತ್ತೂರಿನ ಕಣ್ಣಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆ.

ಅವರು ಚೌಕುಳಿ ಗೆರೆಗಳ ಕಾಗದ ತೋರಿಸಿದರು. ಅಜ್ಜಿಗೆ ಗೆರೆಗಳು ಬಳುಕಿ, ನಡುವೆ ಮಸಿ ಚೆಲ್ಲಿದಂತೆ ಕಂಡಿತು. ಕಣ್ಣಿನ ಒಳಪರದೆಯ ನಡುಭಾಗ ವಯಸ್ಸಿನಿಂದ ಸವೆದಿದೆ, ಕನ್ನಡಕ ಬದಲಿಸಿ ಫಲವಿಲ್ಲ ಎಂದರು ಡಾಕ್ಟರು. ಬದಿಯ ನೋಟ ಉಳಿಯುತ್ತದೆ. ಗೆರೆಗಳು ಇನ್ನೂ ಹೆಚ್ಚು ಬಳುಕಿದರೆ ಮಾತ್ರ ತಡಮಾಡದೆ ಬರಬೇಕು. ಅಂಗಳದ ತುದಿಯ ಕೋಳಿಯನ್ನು ಓರೆಗಣ್ಣಲ್ಲೇ ಗುರುತಿಸುವ ಅಜ್ಜಿಗೆ ಎದುರು ನಿಂತವರ ಮುಖ ಯಾಕೆ ಕಾಣುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅವಳಿಗೂ ತಿಳಿದಿರಬೇಕು. ಬಸ್ಸು ಹತ್ತಿದ ಮೇಲೆ, "ಬೆಳ್ಳಾರೆಗೆ ಟಿಕೆಟ್ ತೆಗಿ," ಎಂದಳು.

ಸಣ್ಣಜ್ಜಿ ಬಾಗಿಲಲ್ಲೇ ನಿಂತಿದ್ದಳು. "ಓ, ದೊಡ್ಡವರು ದಾರಿ ತಪ್ಪಿ ಬಂದದ್ದಾ?"

"ನಿನ್ನ ಮೋರೆ ನನಗೆ ಕಾಣುದಿಲ್ಲ ಮಾರಾಯ್ತಿ. ಮದುವೆಯಲ್ಲೂ ಕಾಣ್ಲಿಲ್ಲ. ಈಗ ಕಿವಿಯ ಕಡೆ ನೋಡಿದ್ರೆ ಮೂಗು ಸ್ವಲ್ಪ ಕಾಣ್ತದೆ."

ಸಣ್ಣಜ್ಜಿ ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

"ಇಷ್ಟು ದೊಡ್ಡ ಮೂಗೇ ಕಾಣ್ಲಿಲ್ಲವಾ ಅತ್ತಿಗೆ!" ಎಂದು ಅಜ್ಜಿಯ ಕೈ ಹಿಡಿದು ಒಳಗೆ ಕೂರಿಸಿದಳು. ಬೆಲ್ಲ, ನೀರು ಬಂತು. ಒಕ್ಕಲಿನ ಮಾತು ಮಾತ್ರ ಬರಲಿಲ್ಲ. ಹೊರಡುವಾಗ ಅಜ್ಜಿಯ ಮುಖ ಸಣ್ಣದಾದದ್ದು ಕಂಡು ಸಣ್ಣಜ್ಜಿಯೇ ಅಂದಳು: "ಇಲ್ಲಿ ಹೇಳಿದ್ರೆ ಅದು ಹೇಳಿಕೆ ಆಗ್ತದಾ? ನಾಳೆ ಬರ್ತೇನೆ."

ಮರುದಿನ ಬಂದಳು. ನಮ್ಮ ಜಗಲಿಯಲ್ಲಿ ಅಜ್ಜಿಯ ಎದುರು ಕೂರದೆ, ಸ್ವಲ್ಪ ಬದಿಗೆ ಸರಿದು ಕೂತು ಹೇಳಿಕೆ ಹೇಳಿದಳು. ಅಜ್ಜಿ ಅವಳ ಕಿವಿಯತ್ತ ನೋಡುತ್ತಾ, "ಒಕ್ಕಲಿಗೆ ಮುನ್ನಾದಿನವೇ ಬರ್ತೇನೆ," ಎಂದಳು.