ಅತ್ತೆಯ ಜೊತೆ ಹಾಟ್‌ಸ್ಪಾಟಿನ ಎಲ್ಲೆ ಹುಡುಕಿದ್ದು

2016ರ ಬೇಸಿಗೆಯಲ್ಲಿ ನನ್ನ ಅತ್ತೆ ತುಮಕೂರಿನಿಂದ ಉಪ್ಸಾಲಾಕ್ಕೆ ಬಂದು ಮೂರು ತಿಂಗಳು ನಮ್ಮ ಜೊತೆ ಇದ್ದರು. ನಾನಾಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ಗಂಡನಿಗೆ ಸ್ಟಾಕ್‌ಹೋಮಿನಲ್ಲಿ ಕೆಲಸ. ಬೆಳಿಗ್ಗೆ ರೈಲು ಹತ್ತಿದರೆ ಮನೆ ಸೇರುವುದು ಸಂಜೆಗೇ. ಜುಲೈ ಬಂತೆಂದರೆ ಸ್ವೀಡನ್ನಿನವರೆಲ್ಲ ರಜೆ ಹಾಕಿ ಸಮುದ್ರದ ಕಡೆ, ಕಾಡಿನ ಕಡೆ ಹೊರಟುಬಿಡುತ್ತಾರೆ. ನಮ್ಮ ಲ್ಯಾಬೂ ಅರ್ಧ ಖಾಲಿಯಾಗಿತ್ತು. ಹಾಗಾಗಿ ಅತ್ತೆಯನ್ನು ಊರು ಸುತ್ತಿಸುವ ಕೆಲಸ ನನ್ನ ಪಾಲಿಗೆ ಬಂತು.

ಮದುವೆಯಾಗಿ ಕೆಲವು ವರ್ಷಗಳಾಗಿದ್ದರೂ ನಾನೂ ಅವರೂ ಒಂದೇ ಸೂರಿನಡಿ ಹೆಚ್ಚು ದಿನ ಇದ್ದವರಲ್ಲ. ಮದುವೆ ಮುಗಿದ ಕೂಡಲೇ ನಾವಿಬ್ಬರೂ ಸ್ವೀಡನ್ನಿಗೆ ಬಂದುಬಿಟ್ಟಿದ್ದೆವು. ಅತ್ತೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅವರು ಮಾತು ಕಡಿಮೆ ಆಡುತ್ತಾರೆ, ಚಟ್ನಿಪುಡಿ ಚೆನ್ನಾಗಿ ಮಾಡುತ್ತಾರೆ, ಯಾರು ಏನು ಹೇಳಿದರೂ "ಆಗಲಿ" ಅನ್ನುತ್ತಾರೆ ಎಂಬುದಷ್ಟೇ. ಮೂರು ತಿಂಗಳು ಇಬ್ಬರೂ ಏನು ಮಾತಾಡುವುದು ಎಂದು ಅವರು ಬರುವ ಮುಂಚೆ ನನಗೆ ಸಣ್ಣ ದಿಗಿಲೇ ಇತ್ತು.

ಬರುವಾಗ ಅವರ ಕೈಯಲ್ಲಿ ಹೊಸ ಸ್ಮಾರ್ಟ್‌ಫೋನ್ ಇತ್ತು. ಒಂದೇ ಸಿಮ್ ಹಿಡಿಸುವ ಫೋನು. ಇಲ್ಲಿನ ಸಿಮ್ ಹಾಕಿಕೊಡುತ್ತೇನೆ ಎಂದರೆ ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಸಿಮ್ ತೆಗೆದ್ರೆ ನನ್ ನಂಬರ್ ಹೋಗ್‌ಬಿಡುತ್ತೆ ಕಣಮ್ಮ. ಅಕ್ಕಂದಿರೆಲ್ಲ ಅದಕ್ಕೇ ಫೋಟೊ ಕಳಿಸೋದು."

"ನಂಬರ್ ಎಲ್ಲೂ ಹೋಗಲ್ಲ ಅತ್ತೆ."

"ಬೇಡಮ್ಮ. ಮನೇಲಿ ವೈಫೈ ಇದೆಯಲ್ಲ, ಸಾಕು."

ಆದರೆ ಸಾಕಾಗಲಿಲ್ಲ. ಹೊರಗೆ ಕಾಲಿಟ್ಟರೆ ನೋಡಿದ್ದೆಲ್ಲ ಹೊಸದು. ಬೀದಿಯ ಎರಡೂ ಬದಿ ಒರಗಿಸಿಟ್ಟ ನೂರಾರು ಸೈಕಲ್ಲು, ಸಂಜೆ ಊಟದ ಹೊತ್ತಿಗೂ ನಡು ಮಧ್ಯಾಹ್ನದಂತೆ ಇರುವ ಬಿಸಿಲು, ಮಗುವಿನ ಗಾಡಿ ತಳ್ಳಿಕೊಂಡು ಒಬ್ಬನೇ ಓಡಾಡುವ ಗಂಡಸು. ಎಲ್ಲದರ ಫೋಟೊ ತೆಗೆದು ತಕ್ಷಣ ಅಕ್ಕತಂಗಿಯರ ಗ್ರೂಪಿಗೆ ಹಾಕಬೇಕು. ಮನೆಗೆ ಹೋಗಿ ಹಾಕಿದರಾಯಿತು ಅಂದರೆ, "ಅಷ್ಟೊತ್ತಿಗೆ ಅಲ್ಲಿ ಎಲ್ರೂ ಮಲಗಿರ್ತಾರೆ" ಎನ್ನುವರು. ಅದಕ್ಕೆ ಎರಡನೆಯ ದಿನವೇ, ಬಸ್‌ಸ್ಟಾಪಿನಲ್ಲಿ ನಿಂತು, ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಅವರ ಫೋನಿಗೆ ಜೋಡಿಸಿಕೊಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಅವರು ಸ್ವಲ್ಪ ಹೊತ್ತು ತಮ್ಮ ಫೋನು ನೋಡಿದರು, ಆಮೇಲೆ ನನ್ನ ಫೋನು ನೋಡಿದರು.

"ಇದ್ರಿಂದ ಅದಕ್ಕೆ ಬರ್ತಿದ್ಯಾ?"

"ಹೂಂ ಅತ್ತೆ."

"ಎಲ್ಲಿವರೆಗೆ ಬರುತ್ತೆ?"

ಸುಮಾರು ಹತ್ತಿಪ್ಪತ್ತು ಮೀಟರ್ ಇರಬಹುದು ಅಂದೆ. ಅವರು "ಆಗಲಿ" ಅನ್ನಲಿಲ್ಲ. ಇಳಿಯುವ ಸ್ಟಾಪ್ ಬಂದಾಗ ಅವರು ಹಿಂದಿನ ಬಾಗಿಲಿಗೆ ಹೋದರು, ನನ್ನನ್ನು ಮುಂದಿನ ಬಾಗಿಲಿಗೆ ಹೋಗು ಅಂದರು. ಇಬ್ಬರೂ ಇಳಿದು ಎದುರಾದಾಗ ಫೋನು ಎತ್ತಿ ತೋರಿಸಿ, "ಇತ್ತು, ಹೋಗ್ಲೇ ಇಲ್ಲ" ಎಂದು ನಕ್ಕರು. ಅವರು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ನಮ್ಮ ತಿರುಗಾಟದ ಬಗೆಯೇ ಬದಲಾಯಿತು. ಕೋಟೆ, ಚರ್ಚು ಎಂದು ನಾನು ಯೋಚಿಸಿಟ್ಟ ಜಾಗಗಳಿಗೆ ಹೋಗುತ್ತಿದ್ದೆವು ನಿಜ. ಆದರೆ ಅತ್ತೆ ಅಲ್ಲೆಲ್ಲ ನೋಡುತ್ತಿದ್ದದ್ದು ಗೋಡೆ ಎಷ್ಟು ದಪ್ಪ ಇದೆ ಎಂಬುದನ್ನು. ಸಸ್ಯೋದ್ಯಾನದಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾವು ದೊಡ್ಡ ಮರದ ಹಿಂದೆ ಹೋಗಿ ನಿಲ್ಲುವರು, ಆಮೇಲೆ ಗಿಡಗಳನ್ನು ಗೋಡೆಯಂತೆ ಕತ್ತರಿಸಿದ ಬೇಲಿಯ ಹಿಂದೆ. "ಎರಡು ಗೆರೆ ಇದೆ!" ಎಂದು ಫೋನಿನಲ್ಲಿ ವೈಫೈ ಸಿಗ್ನಲ್ಲಿನ ಗೆರೆ ಎಣಿಸಿ ಅಲ್ಲಿಂದಲೇ ಕೂಗುವರು. ಸುಮ್ಮನೆ ಹೂವು ನೋಡುತ್ತ ನಿಂತ ಜನ ತಿರುಗಿ ನೋಡುತ್ತಿದ್ದರು. ನನಗೆ ಮೊದಲೆರಡು ದಿನ ಮುಜುಗರವಾಯಿತು. ಆಮೇಲೆ ನಾನೇ, "ಅತ್ತೆ, ಗಾಜಿನ ಮನೆ ಒಳಗೆ ಹೋಗಿ ನೋಡಿ" ಎಂದು ಹೇಳತೊಡಗಿದೆ.

ಎಲೆ ದಟ್ಟವಾಗಿದ್ದ ಕಡೆ ಗೆರೆಗಳು ಬೇಗ ಇಳಿಯುತ್ತಿದ್ದವು. ಜನ ಗುಂಪಾಗಿ ನಡುವೆ ಹಾದುಹೋದರೂ ಇಳಿಯುತ್ತಿದ್ದವು. ಯಾಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಕೂತು ಓದಿ ಬಂದು, ಆ ತರಂಗಗಳನ್ನು ನೀರು ಹೀರಿಕೊಳ್ಳುತ್ತದಂತೆ, ಎಲೆಯಲ್ಲೂ ನಮ್ಮ ಮೈಯಲ್ಲೂ ನೀರೇ ಜಾಸ್ತಿ ಎಂದು ಹೇಳಿದೆ.

ಅಡುಗೆಮನೆಯಲ್ಲಿದ್ದ ಅತ್ತೆ ಕೈಯಲ್ಲಿದ್ದ ಸೌತೆಕಾಯಿಯನ್ನು ತಿರುಗಿಸಿ ನೋಡಿದರು. "ಇದ್ರಲ್ಲೂ ಬರೀ ನೀರೇ."

ಒಂದು ಸೌತೆಕಾಯಿಯಿಂದ ಏನೂ ಆಗಲಿಲ್ಲ. ಕಲ್ಲಂಗಡಿ ಅಡ್ಡ ಇಟ್ಟೆವು, ಅದರಿಂದಲೂ ಅಷ್ಟೇನೂ ಆಗಲಿಲ್ಲ. ಆಮೇಲೆ ಸ್ಟೀಲಿನ ಡಬ್ಬ. ಕೊನೆಗೆ ಅತ್ತೆ ನನ್ನ ಫೋನನ್ನು ಕುಕ್ಕರಿನೊಳಗೆ ಇಟ್ಟು ಮುಚ್ಚಳ ತಿರುಗಿಸಿ ಬಿಗಿದರು. ಅವರ ಫೋನಿನಲ್ಲಿ ಗೆರೆಗಳು ಒಂದಕ್ಕೆ ಬಂದವು, ಅದೂ ಹೋಗಿ ಬಂದು ಮಾಡುತ್ತಿತ್ತು. ನಾವಿಬ್ಬರೂ ಬಗ್ಗಿ ನೋಡುತ್ತಿರುವಾಗ ನನ್ನ ಗಂಡ ಫೋನು ಕಿವಿಗಿಟ್ಟುಕೊಂಡೇ ಕೆಲಸದಿಂದ ಬಂದರು.

"ಎಷ್ಟೊತ್ತಿಂದ ಫೋನ್ ಮಾಡ್ತಿದೀನಿ, ಯಾಕೆ ಎತ್ತಲ್ಲ?" ಎಂದವರು ಅಷ್ಟಕ್ಕೇ ನಿಂತು ಕಿವಿಗೊಟ್ಟರು. "ಕುಕ್ಕರ್ ಒಳಗೆ ಏನೋ ಹೊಡ್ಕೊಳ್ತಾ ಇದೆ!"

"ಹಾಗಾದ್ರೆ ಫೋನ್ ಕಾಲ್ ಒಳಗೆ ಹೋಗುತ್ತೆ" ಎಂದರು ಅತ್ತೆ ನನ್ನ ಕಡೆ ತಿರುಗಿ.

ಜುಲೈ ಕೊನೆಯ ಹೊತ್ತಿಗೆ ಅವರಿಗೆ ನದಿಯ ಮೇಲೆ ಕಣ್ಣು ಬಿತ್ತು. ಉಪ್ಸಾಲಾದ ನಡುವೆ ಹರಿಯುವ ಫ್ಯೂರಿಸ್ ದೊಡ್ಡ ನದಿಯೇನಲ್ಲ. ಈಚೆ ದಡದಲ್ಲಿ ನಿಂತು ಆಚೆ ದಡದವರ ಮುಖ ಗುರುತಿಸಬಹುದು. ಎಲೆಯೊಳಗಿನ ನೀರೇ ತಡೆಯುವುದಾದರೆ ಇಷ್ಟು ನೀರು ತಡೆಯದೇ ಇರುತ್ತದೆಯೇ ಎಂಬುದು ಅವರ ಪ್ರಶ್ನೆ. ತರಂಗ ನೀರಿನ ಮೇಲಿಂದ ಹೋಗುತ್ತದಲ್ಲ ಎಂದೆ. "ನೋಡೇಬಿಡೋಣ" ಎಂದರು. ನಾನು ಪಾರ್ಕಿನ ಬದಿ ನಿಂತೆ. ಅವರು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಸೇತುವೆ ದಾಟಿ ಎದುರು ದಡಕ್ಕೆ ಬಂದು ಕೈ ಎತ್ತಿದರು. ಇತ್ತು! ನನ್ನ ಫೋನಿನಲ್ಲಿ ಒಬ್ಬರು ಜೋಡಣೆಯಾಗಿದ್ದಾರೆ ಎಂದೇ ತೋರಿಸುತ್ತಿತ್ತು. ಅವರು ದಡದುದ್ದಕ್ಕೂ ನಡೆಯತೊಡಗಿದರು. ಒಂದು ಮರ ದಾಟಿದರು, ಎರಡು ಮರ ದಾಟಿದರು. ನನ್ನ ಫೋನಿನಲ್ಲಿ ಆ ಒಬ್ಬರು ಮಾಯವಾದರು.

ಈಗ ತಿರುಗಿ ಬರುತ್ತಾರೆಂದು ಕಾದೆ. ಬರಲಿಲ್ಲ. ಅವರು ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಆಮೇಲೆ ಸೀದಾ ಒಂದು ಬೆಂಚಿನ ಹತ್ತಿರ ಹೋಗಿ ನಿಂತರು. ಅಲ್ಲಿ ಬೆಳ್ಳಿಗೂದಲಿನ ಒಬ್ಬ ಹೆಂಗಸು ತೊಡೆಯ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಕೂತಿದ್ದರು. ಅತ್ತೆ ಏನೋ ತೋರಿಸಿದರು. ಆ ಹೆಂಗಸು ಬಗ್ಗಿ ನೋಡಿದರು. ನೋಡನೋಡುತ್ತಲೇ ಅತ್ತೆ ಅವರ ಪಕ್ಕದಲ್ಲಿ ಕೂತರು! ಪರಿಚಯವಿಲ್ಲದವರ ಪಕ್ಕ ಖಾಲಿ ಸೀಟಿದ್ದರೂ ನಿಂತೇ ಹೋಗುವ ಊರದು. ನಾನು ಸೇತುವೆಯ ಕಡೆ ಓಡಿದೆ.

ಏದುಸಿರು ಬಿಡುತ್ತ ಹತ್ತಿರ ಹೋದಾಗ ಅತ್ತೆಯ ಫೋನಿನಲ್ಲಿ ಫೋಟೊ ಹೋಗುತ್ತಿತ್ತು.

"ನಿಂದು ಹೋಯ್ತು. ಲಿಸ್ಟಲ್ಲಿ ಇನ್ನೊಂದು ಹೆಸರು ಬಂತು. ಈ ಕಡೆ ಬಂದ್ರೆ ಗೆರೆ ಜಾಸ್ತಿ, ಆ ಕಡೆ ಹೋದ್ರೆ ಕಮ್ಮಿ. ಹುಡುಕ್ಕೊಂಡು ಬಂದ್ರೆ ಇವ್ರು ಸಿಕ್ಕಿದ್ರು" ಎಂದರು.

ಆ ಹೆಂಗಸಿನ ಹಾಟ್‌ಸ್ಪಾಟಿನ ಹೆಸರು ಕೋಲ್ತ್ರಾಸ್ತ್. ಅದೊಂದು ಕಪ್ಪು ಹಕ್ಕಿಯ ಹೆಸರು. ಟ್ಯಾಬ್ಲೆಟ್ಟಿನಲ್ಲಿ ಪದಬಂಧ ಬಿಡಿಸಲು ತಮ್ಮ ಫೋನಿನಿಂದ ಅವರು ಇಂಟರ್ನೆಟ್ ಕೊಟ್ಟುಕೊಂಡಿದ್ದರಂತೆ. ನಾನು ಕ್ಷಮೆ ಕೇಳಿದೆ. ಅವರು ಕೈಯಾಡಿಸಿ ಇಂಗ್ಲಿಷಿನಲ್ಲಿ, "ನಿಮ್ಮ ಅಮ್ಮ ನನ್ನನ್ನು ಕಂಡುಹಿಡಿದುಬಿಟ್ಟರು" ಎಂದು ನಕ್ಕರು. ಪಾಸ್‌ವರ್ಡನ್ನು ಅತ್ತೆಯ ಫೋನಿಗೆ ತಾವೇ ಒತ್ತಿಕೊಟ್ಟಿದ್ದರು. ಜೀವನವಿಡೀ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸ ಮಾಡಿ ನಿವೃತ್ತರಾದವರು. ಮಾತು ಬಾರದವರ ಜೊತೆ ಮಾತಾಡುವುದು ತನಗೆ ಅಭ್ಯಾಸವಿದೆ ಎಂದರು. ಮತ್ತೆ ಫೋನಿನಲ್ಲಿ ಆ ಹಕ್ಕಿಯ ಕೂಗು ಹಾಕಿ ಕೇಳಿಸಿದರು. ಅತ್ತೆ ತಲೆ ವಾಲಿಸಿ ಕೇಳಿ, "ನಮ್ ಕಡೆ ಮಡಿವಾಳ ಹಕ್ಕಿ ಹೀಗೇ ಕೂಗೋದು, ಹೇಳು ಅವ್ರಿಗೆ" ಎಂದರು. ನಾನು ಹೇಳಿದೆ.

ಮಾರನೆಯ ವಾರ ನಾನು ಲ್ಯಾಬಿಗೆ ಹೊರಡುವಾಗ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು. "ನದಿ ಹತ್ರ ಹೋಗ್ಬರ್ತೀನಿ. ದಾರಿ ಗೊತ್ತಿದೆ ನಂಗೆ."

ಹಾಗೆ ಶುರುವಾದದ್ದು ವಾರಕ್ಕೆ ಎರಡು ಮೂರು ಸಲವಾಯಿತು. ಅತ್ತೆಗೆ ಸ್ವೀಡಿಷ್ ಬಾರದು, ಇಂಗ್ಲಿಷ್ ಹತ್ತಿಪ್ಪತ್ತು ಪದ. ಇವರಿಬ್ಬರೂ ಗಂಟೆಗಟ್ಟಲೆ ಏನು ಮಾತಾಡುತ್ತಾರೆ? ನನಗೆ ಕುತೂಹಲ ತಡೆಯಲಾಗಲಿಲ್ಲ. ಕೇಳಿದರೆ ಫೋನು ತೋರಿಸಿದರು: ಭಾಷಾಂತರ ಮಾಡುವ ಆ್ಯಪ್. ಇವರು ಕನ್ನಡದಲ್ಲಿ ಒತ್ತುವುದು, ಅವರು ಸ್ವೀಡಿಷಿನಲ್ಲಿ ಒತ್ತುವುದು.

"ಸರಿಯಾಗಿ ಬರುತ್ತಾ ಅತ್ತೆ?"

"ಎಲ್ಲಿ ಬರುತ್ತೆ! ಮೊನ್ನೆ ಅವ್ರು 'ನಾನು ಬಾತುಕೋಳಿಗಳಿಗೆ ಆಹಾರ' ಅಂದ್ರು. ನಾನು ಹೆದರ್ಕೊಂಡೆ. ಆಮೇಲೆ ನೋಡಿದ್ರೆ ಚೀಲದಲ್ಲಿ ಬಾತುಕೋಳಿಗೆ ಹಾಕೋಕೆ ಕಾಳು ತಂದಿದ್ರು."

ಆಗಸ್ಟಿನಲ್ಲಿ ಒಂದು ಶನಿವಾರ ಆ ಹೆಂಗಸು ನಮ್ಮಿಬ್ಬರನ್ನೂ ಫೀಕಾಕ್ಕೆ, ಅಂದರೆ ಕಾಫಿ-ತಿಂಡಿಗೆ, ಕರೆದರು. ಅದೇ ಬೆಂಚು, ಫ್ಲಾಸ್ಕಿನಲ್ಲಿ ಕಾಫಿ, ತಾವೇ ಮಾಡಿದ ದಾಲ್ಚಿನ್ನಿ ಬನ್ನು. ಅತ್ತೆ ಕೋಡುಬಳೆ ಮಾಡಿ ಒಯ್ದಿದ್ದರು. ಸ್ವಲ್ಪ ಹೊತ್ತಾದ ಮೇಲೆ ಆ ಹೆಂಗಸು ದನಿ ತಗ್ಗಿಸಿ ನನ್ನನ್ನು ಕೇಳಿದರು: "ಒಂದು ವಿಷಯ ಕೇಳಬೇಕು ಅಂತಿದ್ದೆ. ನಿಮ್ಮ ಅತ್ತೆ ಮದುವೆಯಾದ ಹೊಸದರಲ್ಲಿ ಯಾರದೋ ಹೊಟ್ಟೆ ಬಿಚ್ಚಿದರಂತೆ, ಆಮೇಲೆ ಮನೆಯಲ್ಲಿ ತುಂಬಾ ಬೈದರಂತೆ. ಅವರು ಡಾಕ್ಟರಾಗಿದ್ದರಾ?"

ನಾನು ತಬ್ಬಿಬ್ಬಾಗಿ ಅತ್ತೆಯನ್ನು ನೋಡಿದೆ. "ಅತ್ತೆ, ಯಾರ ಹೊಟ್ಟೆ ಬಿಚ್ಚಿದ್ರಿ ನೀವು?"

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು. ನಿಲ್ಲಿಸಲು ಸ್ವಲ್ಪ ಹೊತ್ತೇ ಬೇಕಾಯಿತು. "ರೇಡಿಯೊದು ಕಣೇ!"

ಆಮೇಲೆ ಪೂರ್ತಿ ಹೇಳಿದರು. ಮದುವೆಯಾಗಿ ಬಂದ ಮನೆಯಲ್ಲಿ ದೊಡ್ಡ ರೇಡಿಯೊ ಇತ್ತು. ತಂತಿ ಇಲ್ಲದೆ ಬೆಂಗಳೂರಿನ ಮಾತು ತುಮಕೂರಿಗೆ ಹೇಗೆ ಬರುತ್ತದೆ, ಗೋಡೆ ಇದ್ದರೂ ಹೇಗೆ ಬರುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಕೇಳಲು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮದುವೆಮನೆಗೆ ಹೋಗಿದ್ದಾಗ ಈಳಿಗೆಮಣೆಯ ಪಕ್ಕ ಕೂತು ಚಾಕುವಿನ ತುದಿಯಿಂದ ಅದರ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದರು. ಒಳಗೆ ನೋಡಿದರು, ಏನೂ ಅರ್ಥವಾಗಲಿಲ್ಲ, ಆದರೆ ಬಹಳ ಚೆಂದ ಕಂಡಿತು. ಮತ್ತೆ ಮುಚ್ಚಿದರು. ಒಂದು ಸ್ಕ್ರೂ ಉಳಿದುಹೋಯಿತು. ಅದು ಅವರ ಮಾವನ ಕಣ್ಣಿಗೆ ಬಿತ್ತು.

"ಏನಂದ್ರು?"

"ಹೆಂಗಸಿಗೆ ಇದೆಲ್ಲ ಯಾಕೆ ಅಂದ್ರು. ರೇಡಿಯೊನ ಅಟ್ಟದ ಮೇಲಿಟ್ಟು ಬಟ್ಟೆ ಮುಚ್ಚಿಬಿಟ್ರು. ಹಾಡ್ತಾನೇ ಇತ್ತು ಅದು, ಏನೂ ಆಗಿರ್ಲಿಲ್ಲ." ಕೋಡುಬಳೆಯನ್ನು ಎರಡು ಮಾಡಿ ಒಂದು ತುಂಡನ್ನು ಗೆಳತಿಗೆ ಕೊಟ್ಟರು. "ಆಮೇಲೆ ನಾನು ಯಾರನ್ನೂ ಏನೂ ಕೇಳೋಕೆ ಹೋಗ್ಲಿಲ್ಲ."

ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಆ ಹೆಂಗಸು ನಗಲಿಲ್ಲ. ಅತ್ತೆಯ ಮೊಣಕೈಯನ್ನು ಮೆಲ್ಲಗೆ ಒತ್ತಿ, ಇನ್ನೊಂದು ಬನ್ನು ತೆಗೆದು ಅವರ ತಟ್ಟೆಗೆ ಹಾಕಿದರು. ಅಷ್ಟು ವರ್ಷ ಅತ್ತೆಯ ಬಾಯಲ್ಲಿ ನಾನು ಕೇಳಿದ್ದ "ಆಗಲಿ" ಹೇಗೆ ಬಂತು ಎಂದು ನನಗೆ ಅಂದು ತಿಳಿಯಿತು. ಅದನ್ನು ನನಗಿಂತ ಮೊದಲು ಭಾಷೆಯೇ ಬಾರದ ಒಬ್ಬರಿಗೆ ಹೇಳಿಕೊಂಡಿದ್ದರಲ್ಲ ಎಂದು ಒಂದು ಗಳಿಗೆ ಪಿಚ್ಚೆನಿಸಿತು. ಬಹುಶಃ ಹಾಗೆ ಹೇಳಿಕೊಳ್ಳುವುದೇ ಸುಲಭವೇನೋ.

ಮನೆಗೆ ನಡೆಯುವಾಗ ಕೇಳಿದೆ, "ಅತ್ತೆ, ನಾನು ಏನ್ ಕೆಲ್ಸ ಮಾಡ್ತೀನಿ ಅಂತ ನೋಡ್ತೀರಾ?"

"ಬಿಡ್ತಾರಾ ನನ್ನ ಒಳಗೆ?"

"ನಾನ್ ಕರ್ಕೊಂಡ್ ಹೋಗ್ತೀನಿ."

ಅವರು ಊರಿಗೆ ಹೊರಡುವ ಮುಂಚಿನ ಭಾನುವಾರ ನನ್ನ ಗಂಡನೂ ಸೇರಿ ಮೂವರೂ ಹೋದೆವು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನನ್ನ ಗಂಡ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾನು ಒಂದು ಎಲೆಯ ಹಿಂಬದಿಯಿಂದ ತೆಳ್ಳಗೆ ಸಿಪ್ಪೆ ಎತ್ತಿ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕ ಸರಿಮಾಡಿ ಅತ್ತೆಯನ್ನು ಕರೆದೆ. ಅವರು ಕನ್ನಡಕ ತೆಗೆದು ಬಗ್ಗಿದರು.

"ಬಾಯಿ ಥರ ಇದೆಯಲ್ಲೇ. ತುಂಬಾ ಬಾಯಿ."

ಎಲೆ ಉಸಿರಾಡುವ ರಂಧ್ರಗಳವು, ಬೆಳಕಿದ್ದಾಗ ತೆರೆಯುತ್ತವೆ, ಕತ್ತಲಾದರೆ ಹೆಚ್ಚಿನವು ಮುಚ್ಚಿಕೊಳ್ಳುತ್ತವೆ ಎಂದೆ.

ಅವರು ತಲೆ ಎತ್ತದೆಯೇ ಕೇಳಿದರು, "ನಾನು ಬಂದಾಗ ಇಲ್ಲಿ ಕತ್ತಲೇ ಆಗ್ತಿರ್ಲಿಲ್ವಲ್ಲ. ಆಗೇನು ಮಾಡ್ತಾವೆ ಇವು?"

ಒಳ್ಳೆಯ ಪ್ರಶ್ನೆ. ಗಿಡಕ್ಕೆ ತನ್ನದೇ ಒಂದು ಗಡಿಯಾರವೂ ಇರುತ್ತದೆ ಎಂದು ಶುರುಮಾಡಿದೆ. ಗಡಿಯಾರ ಎಂದರೆ ಎಲ್ಲಿ, ಎಲೆಯಲ್ಲೋ ಬೇರಿನಲ್ಲೋ ಎಂದು ಕೇಳಿದರು. ಹೇಳಿದೆ. ಹಾಗಾದರೆ ಇಲ್ಲಿಯ ಗಿಡ ತುಮಕೂರಿಗೆ ಒಯ್ದರೆ ಅದಕ್ಕೆ ತಲೆ ಕೆಡುವುದಿಲ್ಲವೇ ಎಂದರು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಬಾಗಿಲಲ್ಲಿ ನನ್ನ ಗಂಡನ ತಲೆ ಕಾಣಿಸಿತು. "ಅಮ್ಮಾ, ಹೋಗೋಣ್ವಾ? ಬಸ್ಸಿಗೆ ಟೈಮಾಯ್ತು."

"ಮುಂದಿನ ಬಸ್ಸಿಗೆ ಹೋದ್ರಾಯ್ತು, ಕೂತ್ಕೊಳೋ" ಎಂದರು ಅತ್ತೆ. ಆಮೇಲೆ ನನ್ನ ಕಡೆ ಕೈ ಚಾಚಿ, "ಇನ್ನೊಂದು ಎಲೆ ಕೊಡು. ಈ ಸಲ ಸಿಪ್ಪೆ ನಾನು ಎತ್ತುತೀನಿ" ಎಂದರು.