ಸೋರೆಹೂ ಅರಳುವ ಹೊತ್ತಿಗೆ ಮನೆಯಲ್ಲಿದ್ದವರು

ನಲವತ್ತೊಂಬತ್ತು ವರ್ಷಗಳ ಹಿಂದೆ, ಮದುವೆಯಾದ ಮೂರನೆಯ ದಿನ, ಇಪ್ಪತ್ತೈದರ ಹರೆಯದ ರೈತರೊಬ್ಬರು ತಮ್ಮ ಹೆಂಡತಿಗೆ ಒಂದು ಮಾತು ಕೊಟ್ಟರು: ಮನೆಯ ದೀಪ ಹಾಕುವಾಗ ನಾನು ಮನೆಯಲ್ಲಿರುತ್ತೇನೆ. ಕೇಳಿ ಪಡೆದ ಮಾತದು. ಆಕೆಯ ತಂದೆ ಲಾರಿ ಚಾಲಕರು; ಇವತ್ತು ಬರುತ್ತೇನೆಂದು ಹೋದವರು ನಾಲ್ಕು ದಿನ ಬಿಟ್ಟು ಬರುತ್ತಿದ್ದರು. "ನನ್ನಮ್ಮ ಕಿಟಕಿ ಹತ್ರ ನಿಂತು ನಿಂತೇ ಮುದುಕಿ ಆದ್ಲು. ನನ್ನ ಕೈಲಾಗಲ್ಲ," ಎಂದಿದ್ದರಂತೆ ಆಕೆ.

ಆ ರೈತರೇ ನಮ್ಮ ಬೀಜ ಸಂಘವನ್ನು ಮೂವತ್ತೊಂದು ವರ್ಷ ನಡೆಸಿ, ಈ ತಿಂಗಳು ಅದರ ಕೀಲಿಕೈಯನ್ನು ಕಿರಿಯರಿಗೆ ಒಪ್ಪಿಸುತ್ತಿರುವ, ಸಂಘದವರೆಲ್ಲರ ಯಜಮಾನರು. ತರಕಾರಿ ಬೀಜವನ್ನು ಶುದ್ಧವಾಗಿ ಉಳಿಸಿಕೊಂಡು ಬಂದವರ ಸಾಲಿನಲ್ಲಿ, ಅದರಲ್ಲೂ ಸೋರೆಯ ಮಟ್ಟಿಗೆ, ಅವರಿಗೆ ಸರಿಗಟ್ಟುವವರನ್ನು ನಾನು ಕಂಡಿಲ್ಲ. ಹದಿನಾಲ್ಕು ವರ್ಷ ಅವರ ಕೈಕೆಳಗೆ ಬೀಜ ಆರಿಸಿ, ಒಣಗಿಸಿ, ಬೈಸಿಕೊಂಡು ಕಲಿತವಳೆಂಬ ಸಲಿಗೆಯಿಂದ ಈ ನಾಲ್ಕು ಮಾತು.

ಆದರೆ ಅವರ ಹೆಸರು ಮೊದಲು ಹರಡಿದ್ದು ಕಹಿಯಿಂದ. ಸೋರೆಹೂ ಸಂಜೆ ಅರಳುತ್ತದೆ. ಬೀಜಕ್ಕೆಂದು ಬೆಳೆದ ಬಳ್ಳಿಯಲ್ಲಿ ಅರಳಲಿರುವ ಮೊಗ್ಗುಗಳನ್ನು ದಾರದಿಂದ ಕಟ್ಟಿಟ್ಟು, ಕತ್ತಲಾಗುವ ಹೊತ್ತಿಗೆ ಬಿಚ್ಚಿ, ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಕೈಯಿಂದಲೇ ಸವರಿ ಮತ್ತೆ ಕಟ್ಟಬೇಕು. ಇಲ್ಲವಾದರೆ ಬೇಲಿಯ ಕಾಡುಸೋರೆಯ ಪರಾಗವನ್ನು ಪತಂಗಗಳು ತಂದು ಬೆರೆಸಿಬಿಡುತ್ತವೆ. ಹೊಲವೋ ಮನೆಯಿಂದ ಮೂರು ಮೈಲಿ. ಕೊಟ್ಟ ಮಾತಿಗಾಗಿ ಯಜಮಾನರು ಬಿಸಿಲಿರುವಾಗಲೇ ಹೊರಟುಬಿಡುತ್ತಿದ್ದರು. ಸೌತೆಗೆ ಮಾಡುವಂತೆ ಬೆಳಗ್ಗೆ ಬಂದು ಕಟ್ಟಿದರಾಯಿತು ಎಂದುಕೊಂಡರು. ಬೆಳಗಾಗುವಷ್ಟರಲ್ಲಿ ಪತಂಗಗಳು ತಮ್ಮ ಕೆಲಸ ಮುಗಿಸಿ ಹೋಗಿರುತ್ತಿದ್ದವು.

ಆ ವರ್ಷದ ಕಾಯಿ ಸಿಹಿಯಾಗಿಯೇ ಇತ್ತು. ಮರುವರ್ಷ ಅದರ ಬೀಜ ಬಿತ್ತಿದ ಹದಿನೇಳು ಮನೆಗಳಲ್ಲಿ ಕಾಯಿ ವಿಷದಂತೆ ಕಹಿಯಾಯಿತು. ಯಜಮಾನರು ಹದಿನೇಳೂ ಮನೆಗಳ ಬಾಗಿಲಿಗೆ ಹೋಗಿ, "ತಪ್ಪು ನಂದು. ಬಳ್ಳಿ ಕಿತ್ತು ಹಾಕಿ, ದನಕ್ಕೂ ಹಾಕಬೇಡಿ," ಎಂದು ಹೇಳಿ, ತಮ್ಮ ಹೊಲದ ಬೆಂಡೆ, ಬದನೆಯನ್ನು ಆ ಹಂಗಾಮಿಡೀ ಹಂಚಿದರು. ಒಬ್ಬ ಅಜ್ಜಿಯಂತೂ ಹೊಸ್ತಿಲಲ್ಲೇ ತಡೆದು ನಿಲ್ಲಿಸಿ, "ಅಲ್ಲಪ್ಪಾ, ನನ್ನ ಮೇಲೆ ಅಷ್ಟೊಂದು ಸಿಟ್ಟಿದ್ರೆ ಎದುರಿಗೇ ಬಂದು ಬೈಬಾರದಿತ್ತಾ? ಕಾಯಿ ಕೈಲಿ ಬೈಸಬೇಕಿತ್ತಾ?" ಎಂದು ಕೇಳಿದರಂತೆ. ಅದನ್ನು ಹೇಳುವಾಗ ಯಜಮಾನರು ಇವತ್ತಿಗೂ ಕಿವಿ ಕೆಂಪಗೆ ಮಾಡಿಕೊಳ್ಳುತ್ತಾರೆ.

ಕಡೆಗೆ ಅವರು ಹೆಂಡತಿಯ ಮುಂದೆ ನಿಂತರು. "ಸಂಜೆ ನಾನು ಹೊಲದಲ್ಲೇ ಇರಬೇಕಾಗುತ್ತೆ ಕಣೇ. ಆ ಮಾತು ವಾಪಸ್ ಕೊಡ್ತೀಯಾ?"

"ವಾಪಸ್ ಕೊಡೋಕೆ ಅದೇನು ಕಾಲಿಗೆ ಆಗದ ಚಪ್ಪಲೀನಾ? ಬಳ್ಳೀನೇ ಇಲ್ಲಿಗೆ ತನ್ನಿ."

ತಂದರು. ಬಚ್ಚಲಿನ ಚಾವಣಿ, ಹಿತ್ತಲ ಗೋಡೆ, ಮುಂಬಾಗಿಲ ಚಪ್ಪರ, ಎಲ್ಲ ಕಡೆಯೂ ಬೀಜದ ಬಳ್ಳಿಯೇ. ಸಂಜೆಯಾದರೆ ಹಿರಿಮಗಳು ದಾರ ಕತ್ತರಿಸುವಳು, ಮಗ ಏಣಿ ಹಿಡಿಯುತ್ತಲೇ ಮಗ್ಗಿ ಒಪ್ಪಿಸುವನು, ಅಮ್ಮ ಕೆಳಗಿನ ಹೂಗಳನ್ನೂ ಅಪ್ಪ ಮೇಲಿನ ಹೂಗಳನ್ನೂ ಕಟ್ಟುವರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಹಣೆಗೆ ಬಾಗಿಲಲ್ಲೇ ಕಾಯಿ ಬಡಿದಾಗ ಅಮ್ಮ, "ಬಗ್ಗಿ ಬನ್ನಿ ಸಾರ್, ಈ ಮನೆಗೆ ನಮ್ಮತ್ತೆಯವರೂ ಬಗ್ಗಿಯೇ ಬರೋದು," ಎಂದರಂತೆ. ಮುಂದಿನ ವರ್ಷ ಆ ಹದಿನೇಳು ಮನೆಗಳಿಗೆ ಬೀಜ ಕೊಡುವ ಮುಂಚೆ ಪ್ರತಿ ಕಾಯಿಯ ನಾಲ್ಕು ಬೀಜ ಬಿತ್ತಿ, ಬೆಳೆದ ಕಾಯಿಯನ್ನು ತಾವೇ ಹಸಿಯಾಗಿ ಕಚ್ಚಿ ನೋಡಿದರು. ನಮ್ಮ ಸಂಘ ಹುಟ್ಟಿದ್ದು ಆ ಹದಿನೇಳು ಮನೆಗಳಿಂದಲೇ. ಮೊದಲ ಸದಸ್ಯೆ, ಬೈದ ಅಜ್ಜಿ. ಕಚೇರಿಯ ಬಾಗಿಲನ್ನು ಸಂಜೆ ಐದಕ್ಕೆ ಮುಚ್ಚಬೇಕೆಂಬ ನಿಯಮವೂ ಯಜಮಾನರದೇ. ನಾನು ಇನ್ನೂ ಮೂಟೆಗೆ ಚೀಟಿ ಅಂಟಿಸುತ್ತ ಕೂತಿದ್ದರೆ, "ಬೀಜ ಎಲ್ಲೂ ಓಡಿಹೋಗಲ್ಲ ತಾಯಿ. ಮಕ್ಕಳು ದೊಡ್ಡೋರಾಗಿಬಿಡ್ತಾರೆ, ಏಳು," ಎಂದು ದೀಪ ಆರಿಸಿಬಿಡುತ್ತಿದ್ದರು.

ಇಷ್ಟು ಬರೆದು ದೀರ್ಘಾಯುಸ್ಸು ಕೋರಿ ಮುಗಿಸಬಹುದಿತ್ತು. ಆದರೆ ಈ ಅಭಿನಂದನಾ ಸಂಪುಟಕ್ಕೆ ಬಂದ ಬರಹಗಳಲ್ಲಿ ಮೂವರಾದರೂ ಹಿರಿಯರು, ಯಜಮಾನರು ಹೆಂಡತಿಗೆ ಕೊಟ್ಟ ಆ ಮಾತಿಗೆ ಒಮ್ಮೆಯೂ ತಪ್ಪಿದವರಲ್ಲ ಎಂದು ಬರೆದಿದ್ದಾರೆ. ಅದನ್ನು ತಿದ್ದಬೇಕಾದವಳು ನಾನೇ.

ಒಂಬತ್ತು ವರ್ಷಗಳ ಹಿಂದೆ ನಾನು ಬೀಜದ ಮೂಟೆಗಳ ಜೊತೆ ದೂರದೂರಿಗೆ ಹೋಗಿದ್ದ ದಿನ, ನನ್ನ ಐದು ವರ್ಷದ ಮಗಳು ಶಾಲೆಯ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಳು. ನನ್ನವರು ಪಾಳಿ ಕೆಲಸದಲ್ಲಿದ್ದರು. ಶಾಲೆಯ ಫೋನು ಸಂಘಕ್ಕೆ ಬಂತು. ಆಸ್ಪತ್ರೆಗೆ ಓಡಿದವರು ಯಜಮಾನರು. ನಾನು ತಲುಪಿದಾಗ ರಾತ್ರಿ ಎಂಟು. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಮಗಳ ಪಕ್ಕದ ಸ್ಟೂಲಿನಲ್ಲಿ ಅವರು ಕೂತೇ ಇದ್ದರು.

"ಅಯ್ಯೋ, ನರ್ಸಮ್ಮ ಇದ್ರಲ್ಲ. ನೀವು ಹೊರಡಬೇಕಿತ್ತು," ಎಂದೆ.

"ಹೊರಡೋಣ ಅಂತ ಎರಡು ಸಲ ಎದ್ದೆ. ನಿನ್ನ ಮಗಳು ಬೆರಳು ಬಿಡಲಿಲ್ಲ."

ಮರುದಿನ ಯಜಮಾನರ ಮನೆಯ ಅಮ್ಮ ಬಿಸಿ ಊಟ ತಂದವರು ನನ್ನ ಕಿವಿ ಹಿಂಡಿ, "ನಲವತ್ತು ವರ್ಷ ಕಾದಿಟ್ಟಿದ್ದೆ ಕಣೇ, ತಾಯಿ ಮಗಳು ಸೇರಿ ಮುರಿದುಬಿಟ್ರಲ್ಲ!" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಕಿಟಕಿ ಹತ್ರ ನಿಂತಿದ್ದೆ. ಭಯ ಆಯ್ತು. ಆದ್ರೆ ಮಗೂನ ಬಿಟ್ಟು ಎದ್ದು ಬಂದಿದ್ರೆ ನಾನು ಬಾಗಿಲು ತೆಗೀತಿರಲಿಲ್ಲ," ಎಂದರು.

ಯಜಮಾನರೂ ಅಮ್ಮನೂ ನೂರು ಹಂಗಾಮು ಕಾಣಲಿ. ಕೀಲಿಕೈ ಕೊಟ್ಟರೂ ಹೊಸಬರಿಗೆ ಹೂ ಕಟ್ಟುವುದನ್ನು ಕಲಿಸುತ್ತಿರಲಿ. ಮೊಮ್ಮಕ್ಕಳು ಏಣಿ ಹಿಡಿಯಲಿ. ಹಿರಿಯರ ಬರಹಕ್ಕೆ ನನ್ನ ತಿದ್ದುಪಡಿ ಇಷ್ಟೇ: ಅವರು ಆ ಮಾತಿಗೆ ಒಂದು ಸಲ ತಪ್ಪಿದ್ದಾರೆ.