ಅಕ್ಕನ ಊರಿನ ಹೊತ್ತು

ನಮ್ಮ ಮನೆಯಲ್ಲಿ ಸಂಜೆಯ ಊಟಕ್ಕೆ ಗಡಿಯಾರ ನೋಡುವ ಪದ್ಧತಿಯಿಲ್ಲ. ಪಡುವಣದ ಕಬ್ಬಿನ ಹೊಲದ ಮೇಲೆ ಸೂರ್ಯ ಕೆಂಪಗಾದನೆಂದರೆ ತಾಟು ಹಾಕುತ್ತಾರೆ, ಅವನು ಮುಳುಗುವುದರೊಳಗೆ ಉಂಡು ಕೈ ತೊಳೆದಿರಬೇಕು; ಆಮೇಲೆ ತುತ್ತು ಮುಟ್ಟುವಂತಿಲ್ಲ. ಶಿರಗುಪ್ಪಿಯ ಜೈನರ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ; ಹಸಿವಿಗೇ ಹಾಗೆ ರೂಢಿಯಾಗಿಬಿಟ್ಟಿರುತ್ತದೆ. ಅರವತ್ತು ದಾಟಿದ ನಾನು ಇದೊಂದು ವಿಷಯದಲ್ಲಾದರೂ ಪಂಡಿತನೆಂದುಕೊಂಡಿದ್ದೆ. ಆ ಹಮ್ಮನ್ನು ಇಳಿಸಿದ್ದು ಒಂದು ವಿಮಾನ.

ನನ್ನ ಅಕ್ಕ ಇರುವುದು ಕೋಲ್ಕತ್ತದಲ್ಲಿ. ನಿಪ್ಪಾಣಿಯ ತಂಬಾಕು ಮಾರಲೆಂದು ಅಲ್ಲಿಗೆ ಹೋಗಿ ನೆಲೆನಿಂತ ಭಾವ ಹೋದ ವರ್ಷ ತೀರಿಕೊಂಡರು. ಅಂದಿನಿಂದ ಆಕೆ ದಿನಕ್ಕೆ ಒಂದೇ ಊಟದ ವ್ರತ ಹಿಡಿದಿದ್ದಾಳೆ. ಮಕ್ಕಳಿಲ್ಲದ ಆಕೆಯನ್ನು ಊರಿಗೆ ಕರೆತರಬೇಕೆಂಬುದು ನನ್ನ ಆಸೆ; ಆಸೆ ಎನ್ನುವುದಕ್ಕಿಂತ ಸಂಕಟ ಎನ್ನಬೇಕು. ಪುಣೆಯಿಂದ ಕೋಲ್ಕತ್ತಕ್ಕೆ ಎರಡೂವರೆ ತಾಸು ಎಂದಿತು ಮೊಬೈಲು. ನಂಬಿದೆ. ಆದರೆ ಗೆಳೆಯರೇ, ಆ ಯಂತ್ರ ವಿಮಾನಕ್ಕೆ ಹಿಡಿಯುವ ಹೊತ್ತನ್ನಷ್ಟೇ ಬಲ್ಲದು, ಮನುಷ್ಯನ ಮೊಣಕಾಲಿನ ಸುದ್ದಿ ಅದಕ್ಕೆ ಬೇಡ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮೀರಜ್ ದಾಟಿ ಪುಣೆ ಮುಟ್ಟುವಷ್ಟರಲ್ಲೇ ನಾನು ಹಣ್ಣಾಗಿದ್ದೆ. ಹಾರುವುದು ಇನ್ನೂ ಬಾಕಿಯಿತ್ತು.

"ಅಕ್ಕಾ, ಹೊತ್ತು ಮುಳುಗೂದ್ರಾಗ ಬರ್ತೀನಿ. ಕೂಡಿ ಉಣ್ಣೂಣು" ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ಡಿಸೆಂಬರಿನಲ್ಲೂ ನಮ್ಮಲ್ಲಿ ಆರರವರೆಗೆ ಬೆಳಕಿರುತ್ತದೆ. ಐದು ದಾಟಿ ಮನೆ ಸೇರಿದರೂ ಆದೀತೆಂದು ಲೆಕ್ಕ ಹಾಕಿದ್ದೆ. ಮೂಡಣದ ಊರುಗಳಲ್ಲಿ ಸೂರ್ಯ ಬೇಗ ಬಂದು ಬೇಗ ಹೋಗುತ್ತಾನೆಂದು ಶಾಲೆಯಲ್ಲಿ ಓದಿದ್ದು ನೆನಪಿಗೇ ಬರಲಿಲ್ಲ. ಅಕ್ಕನ ಬಾಗಿಲಲ್ಲಿ ಟ್ಯಾಕ್ಸಿ ಇಳಿದಾಗ ಇನ್ನೂ ಐದೂವರೆ; ಬೀದಿದೀಪಗಳು ಆಗಲೇ ಹತ್ತಿದ್ದವು.

ಒಳಗೆ ಎರಡು ತಾಟು ಮುಚ್ಚಿಟ್ಟಿದ್ದವು.

"ಮುಂಜಾನೆ ಉಂಡಿಲ್ಲೇನಕ್ಕಾ?"

"ನೀ ಬರ್ತೀನಂದಿದ್ದಿ. ತಡದೆ. ಇರ್ಲಿ ಬಿಡು, ನಾಳೆ ಉಂಡರಾತು."

ನೀರು ಕೂಡ ಮುಟ್ಟದೆ ಕಾದಿದ್ದಳು. ಬಾಡಿದ ಅವಳ ಮುಖ ನೋಡಿ ನನಗೆ ಅಳು ಬಂತು, ದಣಿವೆಂದು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ನನ್ನ ಕಿವಿ ಮಂದವೆಂದು ಅವಳು ಯಾವಾಗಲೂ ಕೂಗಿಯೇ ಮಾತಾಡುವುದು.

"ಮುಟ್ಟಿದ್ರೇನ್ರಿ? ನಾವೀಗ ಉಣ್ಣಾಕ ಕುಂತೇವಿ. ಇನ್ನ ಬಿಸಲ ಐತಿ."

ಅಕ್ಕನಿಗೂ ಕೇಳಿಸಿತು. ಆಕೆ ನಕ್ಕಳು. ಒಂದು ತಾಟನ್ನು ನನ್ನ ಮುಂದಕ್ಕೆ ಸರಿಸಿ, "ಉಣ್ಣು ತಮ್ಮಾ, ನಿಮ್ಮೂರಾಗ ಇನ್ನ ಹೊತ್ತು ಮುಳುಗಿಲ್ಲ" ಎಂದಳು.

"ಹಂಗಾರ ನೀನೂ ಬಾ. ಅದು ನಿಮ್ಮೂರೂ ಹೌದಲ್ಲ?"

ಅಕ್ಕ ಕಿಟಕಿಯಾಚೆಯ ಕತ್ತಲನ್ನು ತೋರಿಸಿದಳು. "ನನಗ ಇಲ್ಲೀದ ಹೊತ್ತಪಾ. ನಾ ಇಲ್ಲಿಯಾಕಿ ಆಗಿ ಭಾಳ ವರ್ಷ ಆತು."

ಊರಿಗೆ ಬಂದುಬಿಡು ಎಂದು ಕೇಳಲಿಕ್ಕೇ ಅಷ್ಟು ದೂರ ಹೋಗಿದ್ದೆ. ಕೇಳಲಿಲ್ಲ. ರೊಟ್ಟಿ ಮುರಿಯಲೂ ಆಗದೆ, ತಾಟು ಸರಿಸಲೂ ಆಗದೆ ಕುಳಿತಿದ್ದೆ. ದಿನವಿಡೀ ಹಸಿದಿದ್ದ ಅಕ್ಕ ಎದುರಿಗೆ ಕುಳಿತು, ಪಲ್ಯ ಇನ್ನೊಂದಿಷ್ಟು ಹಾಕಲೇನು ಎಂದು ಕೇಳುತ್ತಿದ್ದಳು.